ಅಟ್ಟ ಸೇರಿದ ಈಳಿಗೆಮಣೆ

ಡಾಕ್ಟರು "ಓಡಾಡಿಸಿ" ಎಂದಿದ್ದರು. ನಾನು ಮನೆಯವರಿಗೆ "ಕೂರಿಸಬೇಕಂತೆ" ಎಂದು ಹೇಳಿದೆ. ಮರೆತು ಹೇಳಿದ್ದಲ್ಲ, ಗಾಬರಿಯಲ್ಲಿ ಹೇಳಿದ್ದೂ ಅಲ್ಲ — ಸರಿಯಾಗಿ ಕೇಳಿಸಿಕೊಂಡು, ಆಸ್ಪತ್ರೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಯೋಚಿಸಿ, ಬೇಕೆಂದೇ ತಿರುಗಿಸಿ ಹೇಳಿದೆ. ಆ ಒಂದು ಮಾತಿಗೆ ನನ್ನ ಅತ್ತೆ ಗೌರಮ್ಮ ಹತ್ತಿರ ಹತ್ತಿರ ಎರಡು ವರ್ಷ ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಆದರ್ಶ ಸೊಸೆ ಎಂದು ಹೆಸರು ತೆಗೆದುಕೊಂಡೆ.

ಹೆಸರು ಎಂದರೆ ಬರೀ ಬಾಯಿಮಾತಿನದ್ದಲ್ಲ. ನಮ್ಮ ಬಡಾವಣೆಯ ಮಹಿಳಾ ಸಮಾಜದವರು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಕೈಗೊಂದು ಹಣ್ಣಿನ ತಟ್ಟೆ ಕೊಟ್ಟಿದ್ದರು. ಈಗ ಅದೇ ಸಮಾಜದ ಸ್ಮರಣ ಸಂಚಿಕೆಗೆ "ಮನೆಯ ಹಿರಿಯರ ಆರೈಕೆ" ಎಂಬ ವಿಷಯದ ಮೇಲೆ ನಾಲ್ಕು ಮಾತು ಬರೆದುಕೊಡಿ ಮೇಡಂ, ನಿಮಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ ಎಂದು ಕೇಳಿದ್ದಾರೆ. ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇದಲ್ಲವೆಂದು ಗೊತ್ತು — ಆದರೆ ಆ ವಿಷಯದ ಮೇಲೆ ನನ್ನ ಹತ್ತಿರ ಇರುವುದು ಇದೊಂದೇ.

ಅತ್ತೆಯ ಬಗ್ಗೆ ಮೊದಲು ಹೇಳಬೇಕು. ಮಾವ ಭದ್ರಾವತಿಯಲ್ಲಿ ಕಾಗದದ ಗಿರಣಿಯ ಕೆಲಸದಲ್ಲಿದ್ದರು. ಅತ್ತೆ ಮದುವೆಯಾಗಿ ಬಂದದ್ದು, ಮಗನನ್ನು ಬೆಳೆಸಿದ್ದು, ಅರ್ಧ ಆಯಸ್ಸು ಕಳೆದದ್ದು ಎಲ್ಲ ಅಲ್ಲಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ನಿವೃತ್ತಿಯಾದ ಮೇಲೆ ಮಾವ ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆ ಕಟ್ಟಿಸಿದರು. ಕೆಲವು ವರ್ಷ ಇದ್ದು ಹೋಗಿಬಿಟ್ಟರು. ಕ್ವಾರ್ಟರ್ಸ್ ಬಿಡುವಾಗ ಹಳೆಯ ಸಾಮಾನನ್ನೆಲ್ಲ ಯಾರುಯಾರಿಗೋ ಕೊಟ್ಟ ಅತ್ತೆ ಎರಡನ್ನು ಮಾತ್ರ ಕೈಬಿಡಲಿಲ್ಲ: ಲಿಂಗಪೂಜೆಗೆ ಕೂರುವ ಮಣೆ, ಮತ್ತು ತರಕಾರಿ ಹೆಚ್ಚುವ ಈಳಿಗೆಮಣೆ. ಹಲಸಿನ ಮರದ ಹಲಗೆ, ಅದಕ್ಕೆ ಕೊಕ್ಕಿನಂತೆ ಎದ್ದು ನಿಂತ ಕಬ್ಬಿಣದ ಅಲಗು. ನೆಲದ ಮೇಲೆ ಕೂತು, ಒಂದು ಕಾಲಲ್ಲಿ ಹಲಗೆಯನ್ನು ಮೆಟ್ಟಿ ಹಿಡಿದು ಹೆಚ್ಚಬೇಕು.

ಅತ್ತೆ ಆಳು ಗುಬ್ಬಿಯಷ್ಟು, ಆದರೆ ಸುಮ್ಮನೆ ಕೂರುವ ಜಾತಿಯಲ್ಲ. ನಾವೆಲ್ಲ ಏಳುವ ಮೊದಲೇ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಮಣೆಯ ಮೇಲೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರು. ಅದಾದ ಮೇಲೆ ಬಾಗಿಲಿಗೆ ರಂಗೋಲಿ. ಅದಾದ ಮೇಲೆ ಅಡಿಗೆಮನೆಯ ನೆಲದಲ್ಲಿ ಈಳಿಗೆಮಣೆ. ಕೂರುವುದು, ನೀರಿಗೆ ಏಳುವುದು, ಮತ್ತೆ ಕೂರುವುದು, ಕೊತ್ತಂಬರಿ ಮರೆತೆನೆಂದು ಮತ್ತೆ ಏಳುವುದು. ತಿಂಗಳಿಗೊಮ್ಮೆ ಒಬ್ಬರೇ ಬಸ್ಸು ಹತ್ತಿ ಕಾಗದನಗರಕ್ಕೆ ಹೋಗಿ, ಹಳೆಯ ಪಕ್ಕದ ಮನೆಯ ತಮಿಳು ಗೆಳತಿ ಪಳನಿಯಮ್ಮನನ್ನು ನೋಡಿಕೊಂಡು ಬರುತ್ತಿದ್ದರು. ವ್ಯಾಯಾಮ ಎಂಬ ಪದ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಅವರ ವಯಸ್ಸಿನವರೆಲ್ಲ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅತ್ತೆ ಸ್ಟೂಲು ಹತ್ತಿ ಜೇಡರ ಬಲೆ ತೆಗೆಯುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಶಶಿಕಲಾ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಮಕ್ಕಳಿಗೆ ಪ್ರಜಾಪ್ರಭುತ್ವ ಬೋಧಿಸಿ ಮನೆಗೆ ಬಂದರೆ ನನ್ನ ಅಡಿಗೆಮನೆಯಲ್ಲಿ ರಾಜಪ್ರಭುತ್ವ. ಅದು ಹೇಗೆಂದರೆ — ತರಕಾರಿ ಯಾರು ಹೆಚ್ಚುತ್ತಾರೋ ಆ ದಿನದ ಅಡಿಗೆ ಅವರದ್ದು. ನಾನು ಎದ್ದು ಬರುವಷ್ಟರಲ್ಲಿ ಸೋರೆಕಾಯಿ ಹೋಳಾಗಿ ಪಾತ್ರೆಯಲ್ಲಿ ತೇಲುತ್ತಿರುತ್ತಿತ್ತು. ಹೆಚ್ಚಿದ ಸೋರೆಕಾಯಿಯನ್ನು ಮತ್ತೆ ಜೋಡಿಸಿ ಬುಟ್ಟಿಗೆ ಇಡಲು ಬರುತ್ತದೆಯೇ? ನನಗೆ ಸೋರೆಕಾಯಿ ಕಂಡರಾಗದು. ಇಷ್ಟವಾದದ್ದು ಬದನೆಕಾಯಿ ಎಣ್ಣೆಗಾಯಿ. ಇಪ್ಪತ್ತು ವರ್ಷ ಈ ಮನೆಯಲ್ಲಿ "ಇವತ್ತು ಏನು ಮಾಡೋಣ" ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ಒಳಗೊಳಗೇ ಕುದಿಯುತ್ತಿದ್ದೆ, ಹೊರಗೆ ಸೋರೆಕಾಯಿ ಬೇಯಿಸುತ್ತಿದ್ದೆ. ಜಗಳವಾಡಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಹೀಗಿರುವಾಗ ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಸೊಂಟ ಊದಿತ್ತು, ಪಾದ ಉಳುಕಿತ್ತು. ಆಸ್ಪತ್ರೆಯಲ್ಲಿ ನನ್ನ ಗಂಡ ಮಹೇಶ್ ಔಷಧಿ ತರಲು ಕೆಳಗೆ ಹೋಗಿದ್ದರು, ಅತ್ತೆಗೆ ನರ್ಸ್ ಪಕ್ಕದ ಕೋಣೆಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದಳು. ಡಾಕ್ಟರ ಮುಂದೆ ಇದ್ದವಳು ನಾನೊಬ್ಬಳೇ.

"ಊತ ಇಳಿಯೋವರೆಗೂ ರೆಸ್ಟ್ ಕೊಡಿ. ಆಮೇಲೆ ನಿಧಾನಕ್ಕೆ ಮೊದಲಿನ ಹಾಗೇ ಎಲ್ಲ ಮಾಡ್ಲಿ," ಎಂದರು ಅವರು. "ಪ್ರೀತಿ ಅಂತ ಕೂರಿಸಿಬಿಡಬೇಡಿ. ಈ ವಯಸ್ಸಲ್ಲಿ ಕೂತ ಕಾಲು ಮತ್ತೆ ಏಳೋದು ಕಷ್ಟ."

ಹೊರಗೆ ಬಂದೆ. ಮೆಟ್ಟಿಲ ಬಳಿ ಮಹೇಶ್, "ಏನಂದ್ರು ಡಾಕ್ಟ್ರು?" ಎಂದು ಕೇಳಿದರು. ಬ್ಯಾಂಡೇಜು ಸುತ್ತಿಸಿಕೊಂಡು ಬಂದಿದ್ದ ಅತ್ತೆಯೂ ನನ್ನ ಮುಖವನ್ನೇ ನೋಡುತ್ತಿದ್ದರು — ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯರ ಹಾಗೆ. ನನಗೆ ಕಂಡದ್ದು ಅವರ ಮುಖವಲ್ಲ, ಮರುದಿನದ ಅಡಿಗೆಮನೆ. ಖಾಲಿ ನೆಲ. ಹೆಚ್ಚದೆ ಬುಟ್ಟಿಯಲ್ಲೇ ಇರುವ ತರಕಾರಿ...

"ಇನ್ಮೇಲೆ ಅತ್ತೆ ಯಾವ ಕೆಲಸಾನೂ ಮಾಡೋ ಹಾಗಿಲ್ಲವಂತೆ," ಎಂದೆ. "ನೆಲದ ಮೇಲಂತೂ ಕೂರಲೇಬಾರದಂತೆ."

ಇಷ್ಟೇ. ಸುಳ್ಳು ಹೇಳುವಾಗ ಬರುವ ನಡುಕವೂ ನನ್ನ ದನಿಯಲ್ಲಿ ಬರಲಿಲ್ಲ.

ಅತ್ತೆಗೆ ಡಾಕ್ಟರ ಮಾತೆಂದರೆ ಗುರುಗಳ ಮಾತು. ಎದುರು ಮಾತಾಡಲಿಲ್ಲ. ಊತ ಇಳಿದ ಮೇಲೂ ಕುರ್ಚಿ ಬಿಡಲಿಲ್ಲ. ನಾನು ಈಳಿಗೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಚಾಕು ಮತ್ತು ಕಟಿಂಗ್ ಬೋರ್ಡ್ ತಂದೆ. ಮೊದಲ ವಾರವಂತೂ ನನಗೆ ಹಬ್ಬ! ಸೋಮವಾರ ಎಣ್ಣೆಗಾಯಿ, ಮಂಗಳವಾರ ಪಲಾವ್, ಬುಧವಾರ ಮತ್ತೆ ಎಣ್ಣೆಗಾಯಿ. ಹಾಡಿಕೊಂಡು ಒಗ್ಗರಣೆ ಹಾಕುತ್ತಿದ್ದೆ. ಅತ್ತೆಗೆ ಕೂತಲ್ಲಿಗೇ ತಿಂಡಿ, ಕೂತಲ್ಲಿಗೇ ಕಾಫಿ, ಕೂತಲ್ಲಿಗೇ ಕೈತೊಳೆಯಲು ನೀರು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು, "ಪುಣ್ಯ ಮಾಡಿದೀರಿ ಗೌರಮ್ಮ, ಇಂಥ ಸೊಸೆ ಸಿಗೋಕೆ" ಎನ್ನುತ್ತಿದ್ದರು. ಅತ್ತೆ ಹೌದೆಂದು ತಲೆಯಾಡಿಸುತ್ತಿದ್ದರು.

ಒಂದು ಮಾತ್ರ ಆಗಲೂ ನನ್ನನ್ನು ಚುಚ್ಚಿತ್ತು. ಬೆಳಿಗ್ಗೆ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಲಿಂಗಪೂಜೆಗೆ ತೊಡಗುವ ಮುನ್ನ ಅತ್ತೆ ಅಂಗೈಯಲ್ಲಿದ್ದ ಲಿಂಗಕ್ಕೆ ತಗ್ಗಿದ ದನಿಯಲ್ಲಿ, "ಕುರ್ಚಿ ಮೇಲೆ ಕೂತಿದೀನಿ, ತಪ್ಪು ತಿಳ್ಕೋಬೇಡಪ್ಪ" ಎನ್ನುತ್ತಿದ್ದರು. ದಿನವೂ ಎನ್ನುತ್ತಿದ್ದರು. ನಾನು ಮಿಕ್ಸಿ ಹಾಕಿಬಿಡುತ್ತಿದ್ದೆ.

ತಿಂಗಳುಗಳು ಕಳೆದವು. ಅತ್ತೆಯ ಕಾಲುಗಳು ಸೊರಗಿ ಹುರುಳಿಕಾಯಿಯಂತಾದವು. ಮೊದಲು ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿಯುತ್ತಿದ್ದರು, ಆಮೇಲೆ ನನ್ನ ಕೈ, ಆಮೇಲೆ ನಾನೂ ಮಹೇಶೂ ಸೇರಿ ಎಬ್ಬಿಸಬೇಕಾಯಿತು. ರಾತ್ರಿ ನಿದ್ದೆ ಬರದು, ಹಗಲು ಹಸಿವಾಗದು. ರಂಗೋಲಿಯ ಡಬ್ಬಿಯಲ್ಲಿ ಪುಡಿ ಗಟ್ಟಿಯಾಯಿತು. ಕಾಗದನಗರದ ಭೇಟಿ ನಿಂತೇಹೋಯಿತು. ಪಳನಿಯಮ್ಮನ ಮೊಮ್ಮಗಳು ಸೆಲ್ವಿಯನ್ನು ಎತ್ತಿ ಆಡಿಸಿ ಬೆಳೆಸಿದವರಲ್ಲಿ ಅತ್ತೆಯೂ ಒಬ್ಬರು. ಅವಳ ಮದುವೆಗೆ ತಾವೇ ಮುಡಿಗೆ ಹೂವು ಕಟ್ಟುವುದಾಗಿ ಅವಳು ಲಂಗ ಹಾಕುವ ಕಾಲದಲ್ಲೇ ಮಾತು ಕೊಟ್ಟಿದ್ದರಂತೆ. ಮದುವೆ ಭದ್ರಾವತಿಯಲ್ಲೇ ಆಯಿತು. ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಮಹೇಶ್ ಹೇಳಿದರೂ ಅತ್ತೆ ಒಪ್ಪಲಿಲ್ಲ. "ನಾಲ್ಕು ಜನ ಎತ್ತಿ ಇಳಿಸೋ ಹಾಗೆ ಅಲ್ಲಿಗೆ ಹೋಗಲ್ಲ ನಾನು," ಎಂದರು. ಮುಹೂರ್ತದ ಹೊತ್ತಿಗೆ ವರಾಂಡದಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿದ್ದರು. ನಾನು ಅವತ್ತು ಏನು ಅಡಿಗೆ ಮಾಡಿದ್ದೆನೋ ನೆನಪಿಲ್ಲ.

ಮದುವೆ ಊಟದ ಸಿಹಿ ಹಿಡಿದುಕೊಂಡು ಪಳನಿಯಮ್ಮನೇ ಬಂದರು. ಅತ್ತೆಗಿಂತ ದೊಡ್ಡವರು, ಬಸ್ಸಿಳಿದು ನಮ್ಮ ಏರು ರಸ್ತೆಯನ್ನು ಚೀಲ ಹೊತ್ತುಕೊಂಡೇ ಹತ್ತಿಬಂದಿದ್ದರು. ಗೇಟಿನಲ್ಲೇ ನಿಂತುಬಿಟ್ಟರು.

"ಎನ್ನ ಗೌರಮ್ಮಾ, ಏನಿದು! ದಸರಾ ಬೊಂಬೆ ಥರಾ ಕೂರ್ಸವ್ರಲ್ಲ ನಿನ್ನ!"

"ಡಾಕ್ಟ್ರು ಏಳಬೇಡ ಅಂದಿದಾರೆ ಕಣೇ."

"ಯಾವ ಡಾಕ್ಟ್ರು? ಕರ್ಕೊಂಡ್ ಬಾ, ನಾನ್ ಮಾತಾಡ್ತೀನಿ. ನಮ್ ಕಡೆ ಮಿಲ್ಲು ಮುಚ್ಚಿ ಸೈರನ್ ನಿಂತೋಯ್ತು, ಅರ್ಧ ಮನೆ ಖಾಲಿ ಆಯ್ತು. ನಾವ್ ನಿಂತ್ವಾ? ಸಾಯಂಕಾಲ ಆಯ್ತು ಅಂದ್ರೆ ಹೆಂಗಸ್ರೆಲ್ಲ ಸೇರಿ ಆ ಕೊನೆಯಿಂದ ಈ ಕೊನೆಗೆ ನಡೀತೀವಿ."

ಅತ್ತೆ ನಕ್ಕರು. ಆಮೇಲೆ ಗೆಳತಿಯ ಕೈ ಹಿಡಿದುಕೊಂಡು ನನ್ನ ಕಡೆ ತೋರಿಸಿ ಅಂದರು: "ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ ಪಳನಿ. ಶಶಿ ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ."

ಕಾಫಿಯ ಲೋಟ ಹಿಡಿದು ನಿಂತಿದ್ದೆ. ಬೈದಿದ್ದರೆ ಸಹಿಸುತ್ತಿದ್ದೆ. ಹೊಗಳಿದ್ದನ್ನು ಸಹಿಸಲಾಗಲಿಲ್ಲ. ಒಳಗೆ ಹೋಗಿ ಗ್ಯಾಸ್ ಕಟ್ಟೆಯ ಮೇಲೆ ಕೈಯೂರಿ ನಿಂತೆ. ಎಣ್ಣೆಗಾಯಿ ಬೇಯುತ್ತಿದ್ದ ಒಲೆಯನ್ನು ಆರಿಸಿಬಿಟ್ಟೆ.

ಆ ವಾರವೇ ಶಾಲೆ ಮುಗಿಸಿ ಊರಿನ ಇನ್ನೊಂದು ಬಡಾವಣೆ ನವುಲೆಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಫಿಸಿಯೋಥೆರಪಿಸ್ಟ್. ಅತ್ತೆಯ ದಿನಚರಿ ಹೇಗಿತ್ತೆಂದು ಕೇಳಿದಳು. ಹೇಳಿದೆ — ಮಣೆ, ರಂಗೋಲಿ, ಈಳಿಗೆಮಣೆ, ಬಸ್ಸು.

"ಮೇಡಂ, ನಾನು ಕಲಿಸೋದೆಲ್ಲಾನೂ ಅಜ್ಜಿ ಮನೇಲೇ ಮಾಡ್ತಿದ್ರಲ್ಲ! ಕೂತು ಏಳೋದಕ್ಕಿಂತ ಒಳ್ಳೆ ಎಕ್ಸರ್ಸೈಜ್ ಯಾವುದಿದೆ? ಯಾರು ನಿಲ್ಲಿಸಿದ್ದು?"

"ಡಾಕ್ಟ್ರು," ಎಂದೆ.

ನೋಡಿ — ತಪ್ಪನ್ನು ಸರಿಮಾಡಲು ಹೋದ ಜಾಗದಲ್ಲೂ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿ ಬಂದೆ. ಅವಳು ಪಾಪ, ಎಲ್ಲ ವಿವರಿಸಿದಳು. ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿ, ಕೈಯೂರದೆ ನಿಧಾನಕ್ಕೆ ಎದ್ದು ಕೂರಬೇಕು. ದಿನ ಕಳೆದಂತೆ ದಿಂಬು ತೆಗೆಯಬೇಕು. ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬೇಕು. ಊಟವಾದ ಮೇಲೆ ನಾಲ್ಕು ಹೆಜ್ಜೆ ಹಾಕಬೇಕು. ಎಲ್ಲ ಗಟ್ಟಿ ಮಾಡಿಕೊಂಡು ಉತ್ಸಾಹದಿಂದ ಮನೆಗೆ ಬಂದೆ.

ಅತ್ತೆ ಒಪ್ಪಿದರೆ ತಾನೇ! "ದೊಡ್ಡ ಡಾಕ್ಟ್ರು ಬೇಡ ಅಂದಿದಾರೆ, ನೀನೇ ಬಂದು ಹೇಳಿದ್ದಲ್ವಾ?" ಎಂದರು. ಮಹೇಶ್ ಕೂಡ ಗದರಿದರು: "ನಿಂಗೇನು ತಲೆ ಕೆಟ್ಟಿದ್ಯಾ? ಅಮ್ಮನ ಕೈಲಿ ಈ ವಯಸ್ಸಲ್ಲಿ ದಂಡ ಹೊಡೆಸ್ತೀಯಾ?" ನನ್ನ ಸುಳ್ಳು ಮನೆಯ ಗೋಡೆಗಿಂತ ಗಟ್ಟಿಯಾಗಿತ್ತು. ನಾನೇ ಕಟ್ಟಿದ್ದು, ನನ್ನಿಂದಲೇ ಕೆಡವಲಾಗಲಿಲ್ಲ.

ಕೆಡವಿದ್ದು ಹುರುಳಿಕಾಯಿ. ಒಂದು ಭಾನುವಾರ ವರಾಂಡದಲ್ಲಿ ಅತ್ತೆಯ ಎದುರು ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ಮನಸ್ಸು ಎಲ್ಲೋ ಇತ್ತು, ಹೋಳುಗಳು ಬೆರಳುದ್ದ ಬೀಳುತ್ತಿದ್ದವು. ಅತ್ತೆ ಸ್ವಲ್ಪ ಹೊತ್ತು ತಡೆದರು. ಮುಖ ಕೆಂಪಾಯಿತು. ಇದ್ದಕ್ಕಿದ್ದಂತೆ —

"ಇದೇನೇ ಮಾರಾಯ್ತಿ, ಮನುಷ್ಯರಿಗೋ ದನಕ್ಕೋ? ಕೊಡಿಲ್ಲಿ!"

ಎದ್ದು ನಿಂತಿದ್ದರು. ಯಾರ ಕೈಯೂ ಇಲ್ಲದೆ. ನನ್ನ ಕೈಯಿಂದ ಚಾಕು ಕಿತ್ತುಕೊಂಡ ಮೇಲೆಯೇ ತಾವು ನಿಂತಿದ್ದೇವೆಂದು ಗೊತ್ತಾಗಿ, ಗಾಬರಿಯಿಂದ ಧೊಪ್ಪನೆ ಕೂತರು. ನಾನು ಏನೂ ಕಾಣದವಳಂತೆ ತಲೆ ತಗ್ಗಿಸಿದೆ. ಆದರೆ ನನಗೆ ದಾರಿ ಸಿಕ್ಕಿತ್ತು.

ಅಂದಿನಿಂದ ನಾನು ಕೆಟ್ಟ ಅಡಿಗೆಯವಳಾದೆ. ಕ್ಯಾರೆಟ್ಟನ್ನು ಗರಗಸದಲ್ಲಿ ಕೊಯ್ದಂತೆ ಕೊಯ್ದೆ. ಒಗ್ಗರಣೆಯ ಸಾಸಿವೆಯನ್ನು ಬೇಕೆಂದೇ ಸೀಯಿಸಿದೆ. ಅತ್ತೆ ವರಾಂಡದಿಂದ ಅಡಿಗೆಮನೆಯ ಬಾಗಿಲಿನವರೆಗೆ ಗೋಡೆ ಹಿಡಿದು ಬಂದು ಬೈಯುತ್ತಿದ್ದರು. ಬಾಗಿಲಿನಿಂದ ಕಟ್ಟೆಗೆ ಬಂದರು. ಉಪ್ಪಿನ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟೆ. ಅದನ್ನು ತೆಗೆಯಲು ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತರು. ನವುಲೆಯ ಹುಡುಗಿ ಹೇಳಿದ್ದು ಅದೇ ತಾನೇ! ಸಾರು ಕೆಟ್ಟಷ್ಟೂ ಅತ್ತೆಯ ಕಾಲು ಗಟ್ಟಿಯಾಯಿತು. ಪಾಪ, ಮಹೇಶ್ ಮಾತ್ರ ಸೊರಗಿದರು. "ನಿನ್ನ ಕೈರುಚಿಗೆ ಏನಾಗಿದೆ ಶಶಿ?" ಎಂದು ಕೇಳಿ ಕೇಳಿ ಸಾಕಾಗಿ, ತಾವು ಕೆಲಸ ಮಾಡುವ ಬ್ಯಾಂಕಿನ ಹತ್ತಿರದ ಹೋಟೆಲಿನಲ್ಲಿ ತಿಂಡಿ ತಿನ್ನತೊಡಗಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ತಮಾಷೆಯ ಕಥೆಯಾಗುತ್ತಿತ್ತು. ಆದರೆ ನನ್ನ ನಿಜವಾದ ತಪ್ಪು ಇನ್ನೂ ಮುಂದಿದೆ.

ಒಂದು ಮಧ್ಯಾಹ್ನ ತಲೆನೋವೆಂದು ಶಾಲೆಯಿಂದ ಬೇಗ ಬಂದೆ. ನಮ್ಮ ಏರು ರಸ್ತೆಯ ನಡುವೆ, ಯಾರದ್ದೋ ಕಾಂಪೌಂಡು ಹಿಡಿದು, ಸೀರೆ ಸ್ವಲ್ಪ ಮೇಲೆ ಸಿಕ್ಕಿಸಿಕೊಂಡು ಒಬ್ಬ ಅಜ್ಜಿ ನಡೆಯುತ್ತಿದ್ದಾರೆ. ಹಿಂದೆ ಬೀದಿನಾಯಿಯೊಂದು ಕಾವಲಿಗಿರುವಂತೆ ಬರುತ್ತಿದೆ. ಅತ್ತೆ! ನನ್ನನ್ನು ಕಂಡು ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗಿಯಂತೆ ನಿಂತರು. ನಾನು ಶಾಲೆಗೆ ಹೋದ ಮೇಲೆ ದಿನವೂ ನಡೆಯುತ್ತಿದ್ದರಂತೆ. ಮೊದಲು ಗೇಟಿನವರೆಗೆ, ಆಮೇಲೆ ಪಕ್ಕದ ಮನೆಯವರೆಗೆ. ಪಳನಿಯಮ್ಮ ಫೋನು ಮಾಡಿ "ಇವತ್ತು ಎಲ್ಲಿವರೆಗೆ?" ಎಂದು ಕೇಳಿ ಛೀಮಾರಿ ಹಾಕುತ್ತಿದ್ದರಂತೆ.

ಮನೆಗೆ ಬಂದು ಕೂತ ಮೇಲೆ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ತಪ್ಪಾಯ್ತು ಶಶಿ. ಡಾಕ್ಟ್ರ ಮಾತು ಮೀರಿದೆ. ನೀನು ಇಷ್ಟು ನೋಡ್ಕೋತೀಯ, ನಿನ್ನ ಬೆನ್ನ ಹಿಂದೆ ಕಳ್ಳತನ ಮಾಡಿದೆ. ಮಹೇಶಂಗೆ ಹೇಳ್ಬೇಡ. ನನ್ನ ಕ್ಷಮಿಸಿಬಿಡು."

ನಾನು ಏನು ಹೇಳಬೇಕಿತ್ತು, ಏನು ಹೇಳಿದೆ —

"ಹೋಗ್ಲಿ ಬಿಡಿ ಅತ್ತೆ. ಯಾರಿಗೂ ಹೇಳಲ್ಲ," ಎಂದೆ.

ಕ್ಷಮಿಸಿದೆ! ನಾನು, ಅವರನ್ನು! ಅವರ ಕಾಲನ್ನು ಕಿತ್ತುಕೊಂಡವಳು, ಅದನ್ನು ಅವರೇ ಕಷ್ಟಪಟ್ಟು ವಾಪಸು ಪಡೆದುಕೊಂಡದ್ದಕ್ಕೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಆಡಿದ ಮಾತಿಗೆ ಹೊಟ್ಟೆಕಿಚ್ಚು, ಸಿಟ್ಟು ಎಂದು ಏನಾದರೂ ಹೆಸರು ಕೊಡಬಹುದು. ಈ ಮಾತಿಗೆ ಏನು ಹೆಸರು ಕೊಡಲಿ? ಮುಖ ತೊಳೆಯಲು ಹೋದಾಗ ಕನ್ನಡಿಯ ಕಡೆ ನೋಡದೆ ತೊಳೆದುಕೊಂಡು ಬಂದೆ.

ಶಾಲು ಹೊದಿಸಿದ್ದು ಅದಾದ ಮುಂದಿನ ವಾರ. ಅತ್ತೆಯನ್ನು ನನ್ನ ಆರೈಕೆಯೇ ಮತ್ತೆ ಎಬ್ಬಿಸಿ ನಿಲ್ಲಿಸಿತಂತೆ — ಮೈಕಿನಲ್ಲಿ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಹೋದ ತಿಂಗಳು ಒಂದು ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಏನೋ ಕೇಳಬೇಕು, ಕೇಳಲು ಸಂಕೋಚ. ಆಮೇಲೆ ಹೇಳಿದರು:

"ಶಶಿ, ಡಾಕ್ಟ್ರನ್ನ ಒಂದು ಮಾತು ಕೇಳ್ತೀಯಾ? ಪೂಜೆಗಾದ್ರೂ ಕೆಳಗೆ ಕೂರಬಹುದಾ ಅಂತ. ಸ್ವಲ್ಪ ಹೊತ್ತು, ಅಷ್ಟೇ. ಕುರ್ಚಿ ಮೇಲೆ ಕೂತ್ರೆ ಅದು ಪೂಜೆ ಅನ್ನಿಸಲ್ಲ ಕಣೇ."

"ಕೇಳ್ತೀನಿ ಅತ್ತೆ," ಎಂದು ಫೋನು ಹಿಡಿದು ಹಿತ್ತಲಿಗೆ ಹೋದೆ.

ನಿಮಗೆ ಅರ್ಥವಾಗಿರಬೇಕು. ಇಷ್ಟು ಸುಲಭದ ದಾರಿ ನನಗೆ ಮತ್ತೆ ಸಿಗುವಂತಿರಲಿಲ್ಲ. ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದು ನಿಂತು, ಒಳಗೆ ಬಂದು "ಡಾಕ್ಟ್ರು ಒಪ್ಪಿದ್ರು" ಎಂದರೆ ಮುಗಿಯಿತು. ಮಣೆ ಬರುತ್ತದೆ, ಈಳಿಗೆಮಣೆ ಬರುತ್ತದೆ, ಬಸ್ಸು ಬರುತ್ತದೆ. ಎಲ್ಲರಿಗೂ ಸುಖ. ಒಂದೇ ಒಂದು ಸುಳ್ಳು, ಅದೂ ಒಳ್ಳೆಯದಕ್ಕೆ... ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಅತ್ತೆ ಮಣೆಯನ್ನು ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅಪ್ಪಣೆ ಸಿಗುತ್ತದೆಯೆಂದು ಅಷ್ಟು ನಂಬಿಕೆ. ತಮ್ಮ ದೇವರ ಮುಂದೆ, ತಮ್ಮ ಮನೆಯ ನೆಲದ ಮೇಲೆ ಕೂರಲು — ನನ್ನ ಅಪ್ಪಣೆ.

ಒಳಗೆ ಬಂದು ಹೇಳಿಬಿಟ್ಟೆ. "ಡಾಕ್ಟ್ರು ಯಾವತ್ತೂ ಬೇಡ ಅಂದಿರಲಿಲ್ಲ ಅತ್ತೆ. ಓಡಾಡಿಸಿ ಅಂದಿದ್ರು. ನಾನೇ ಸುಳ್ಳು ಹೇಳಿದ್ದು."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

"ಯಾಕೆ?"

ಎಷ್ಟು ದೊಡ್ಡ ಕಾರಣ ಇರಬೇಕಿತ್ತು! ಹೇಳಲು ಹೋದಾಗ ನಾಚಿಕೆಯಾಯಿತು. "ನೀವು ದಿನಾ ನಾನು ಏಳೋದ್ರೊಳಗೆ ತರಕಾರಿ ಹೆಚ್ಚಿಟ್ಟಿರ್ತಿದ್ರಿ. ಏನು ಮಾಡೋಣ ಅಂತ ಒಂದು ದಿನಾನೂ ಕೇಳ್ತಿರಲಿಲ್ಲ. ನಂಗೆ ಸೋರೆಕಾಯಿ ಆಗಲ್ಲ. ಎಣ್ಣೆಗಾಯಿ ಇಷ್ಟ."

ಅತ್ತೆ ಮಣೆಯನ್ನು ಗೋಡೆಗೆ ಒರಗಿಸಿದರು.

"ನೀನು ಸ್ಕೂಲಿಗೆ ಓಡೋಳು. ತಡ ಆಗ್ಬಾರ್ದು ಅಂತ ಹೆಚ್ಚಿಡ್ತಿದ್ದೆ. ಸೋರೆಕಾಯಿ ಬೇಗ ಬೇಯುತ್ತೆ ಅಂತ."

ಆಮೇಲೆ ಅತ್ತೆ, "ಸೆಲ್ವಿ ಮದುವೆಗೂ ಹೋಗ್ಲಿಲ್ಲ ನಾನು," ಎಂದರು. ಜೋರಾಗಿ ಅನ್ನಲಿಲ್ಲ. ಮಣೆಯನ್ನು ನೆಲಕ್ಕೆ ಹಾಕಿ, ಗೋಡೆ ಹಿಡಿದು ನಿಧಾನವಾಗಿ ಬಾಗತೊಡಗಿದರು. ನಾನು ಕೈ ಚಾಚಿದೆ. "ಬೇಡ," ಎಂದರು. ಕೂರಲು ತುಂಬ ಹೊತ್ತು ಹಿಡಿಯಿತು. ಅವತ್ತಿನ ಪೂಜೆಯೂ ತುಂಬ ಹೊತ್ತು ನಡೆಯಿತು. ಅಂಗೈಯಲ್ಲಿದ್ದ ಲಿಂಗಕ್ಕೆ ತಪ್ಪು ತಿಳಿಯಬೇಡ ಎಂದು ಹೇಳುವ ಕೆಲಸ ಅವರಿಗೆ ಉಳಿದಿರಲಿಲ್ಲ. ಮಿಕ್ಸಿ ಹಾಕದೆ ಬಾಗಿಲಲ್ಲೇ ನಿಂತಿದ್ದೆ.

ಮಹೇಶ್‌ಗೂ ನಾನೇ ಹೇಳಿದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಮೂರನೆಯ ದಿನ, "ಹಂಗಾದ್ರೆ ಆ ಸೀದ ಸಾರೆಲ್ಲ ಬೇಕಂತಲೇ ಮಾಡಿದ್ದಾ?" ಎಂದು ಕೇಳಿದರು. ಅದಕ್ಕೆ ಹೆಚ್ಚು ಸಿಟ್ಟು ಬಂದಂತಿತ್ತು.

ಅತ್ತೆ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಒಂದು ವಾರ ಬೇಕಾದಷ್ಟೇ ಮಾತು. ಆಮೇಲೆ ಒಂದು ಬೆಳಿಗ್ಗೆ, "ಈಳಿಗೆಮಣೆ ಎಲ್ಲಿ ಬಚ್ಚಿಟ್ಟಿದೀಯ, ತಾ," ಎಂದರು. ಅಟ್ಟ ಹತ್ತಿ ತಂದೆ. ಅಲಗಿಗೆ ತುಕ್ಕು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ತಿಕ್ಕಿ ಮುಗಿದ ಮೇಲೆ, "ಕೂತ್ಕೋ, ಇವತ್ತು ನೀನು ಹೆಚ್ಚು," ಎಂದರು. ಕೂರುವುದೇನೋ ಕೂತೆ. ಏಳಲು ಹೋದರೆ — ದೇವರೇ! ಐವತ್ತು ದಾಟಿದ ನನ್ನ ಮಂಡಿ ಕಟಕಟ ಎಂದಿತು, ಸೊಂಟ ಹಿಡಿದುಕೊಂಡಿತು. ಕೈಯೂರಿದೆ.

"ಕೈ ಊರಬೇಡ. ಏಳು."

"ಆಗಲ್ಲ ಅತ್ತೆ!"

"ಆಗುತ್ತೆ. ನಂಗೆ ಆಗ್ಲಿಲ್ವಾ? ಏಳು."

ಮೂರನೆಯ ಸಲಕ್ಕೆ ಕೋಳಿಮರಿಯಂತೆ ಓಲಾಡುತ್ತ ಎದ್ದೆ. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ತಡೆಯಲಾಗದೆ ಆಮೇಲೆ ಬಾಯಿಬಿಟ್ಟೇ ನಕ್ಕರು. ಅಂದಿನಿಂದ ಅದು ನನಗೆ ನಿತ್ಯದ ಶಿಕ್ಷೆ. ಎರಡು ಭಾನುವಾರ ಕಾಗದನಗರಕ್ಕೂ ಕರೆದೊಯ್ದರು. ಅಗಲವಾದ ರಸ್ತೆ, ಎರಡೂ ಕಡೆ ದೊಡ್ಡ ಮರ, ವಾಹನವಿಲ್ಲ. ಪಳನಿಯಮ್ಮ ಮುಂದೆ, ಅತ್ತೆ ಅವರ ಜೊತೆ, ಏದುಸಿರು ಬಿಡುತ್ತ ಕೊನೆಗೆ ನಾನು. ಪಳನಿಯಮ್ಮನಿಗೆ ಎಲ್ಲ ಗೊತ್ತಾಗಿದೆ. ನನ್ನನ್ನು ಕಂಡಾಗ "ವಾಂಗೋ, ಬನ್ನಿ ಡಾಕ್ಟ್ರಮ್ಮಾ" ಎಂದು ಕರೆಯುತ್ತಾರೆ. ಕರೆಯಲಿ.

ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ, ಮಂಡಿಯ ಕಟಕಟ ಕಡಿಮೆಯಾಗಿದೆ. ಹೇಳಲು ನಾಚಿಕೆ — ನನ್ನ ತಪ್ಪಿನ ಶಿಕ್ಷೆಯೂ ನನಗೇ ಲಾಭವಾಗುತ್ತಿದೆ. ಅತ್ತೆಗೆ ಕಾಲು ಬಂತು. ಆ ಎರಡು ವರ್ಷ ಬರಲಿಲ್ಲ, ಸೆಲ್ವಿಯ ಮುಡಿಗೆ ಹೂವು ಕಟ್ಟುವ ಬೆಳಿಗ್ಗೆಯೂ ಬರಲಿಲ್ಲ. ಅದನ್ನು ಯಾವ ನಡಿಗೆಯೂ ತಂದುಕೊಡದು. ಶಾಲನ್ನು ಈ ಬರಹದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ಸಮಾಜದವರು ಬರಹವನ್ನು ಅಚ್ಚು ಹಾಕಿಸದಿದ್ದರೆ ಮುಂದಿನ ಸಭೆಯಲ್ಲಿ ನಾನೇ ಎದ್ದು ಓದುತ್ತೇನೆ. ಅತ್ತೆ ಮುಂದಿನ ಸಾಲಿನಲ್ಲಿ ಇರುತ್ತಾರೆ.

ಮೊನ್ನೆ ಬೆಳಿಗ್ಗೆ ಅಡಿಗೆಮನೆಗೆ ಹೋದಾಗ ಅತ್ತೆ ಈಳಿಗೆಮಣೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ತುಂಬಿದ ಬುಟ್ಟಿ. ಒಂದನ್ನೂ ಹೆಚ್ಚಿರಲಿಲ್ಲ. ನನ್ನ ಮುಖ ನೋಡದೆ ಕೇಳಿದರು:

"ಇವತ್ತು ಏನು ಮಾಡೋಣ ಶಶಿ?"

ಇಪ್ಪತ್ತು ವರ್ಷ ಈ ಮಾತಿಗೆ ಕಾದಿದ್ದೆ. ಇದು ಸಿಗಲಿಲ್ಲವೆಂದೇ ಅವರನ್ನು ಕುರ್ಚಿಗೆ ಹಾಕಿದ್ದೆ. ಬುಟ್ಟಿಯಲ್ಲಿದ್ದ ತರಕಾರಿಯನ್ನೆಲ್ಲ ಒಂದೊಂದಾಗಿ ನೋಡಿದೆ.

"ಬೇಗ ಹೇಳೇ ಮಾರಾಯ್ತಿ, ನಂಗೆ ಭದ್ರಾವತಿ ಬಸ್ಸಿಗೆ ಹೊತ್ತಾಗುತ್ತೆ."

"ಸೋರೆಕಾಯಿ," ಎಂದೆ.

ಅತ್ತೆ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಬುಟ್ಟಿಗೆ ಕೈಹಾಕಿ ಸೋರೆಕಾಯಿಯನ್ನು ಆಚೆ ಸರಿಸಿ, ಅದರ ಅಡಿಯಿಂದ ಬದನೆಕಾಯಿ ಆರಿಸಿ ತೆಗೆದು, ಒಂದೊಂದನ್ನೇ ನಾಲ್ಕು ಸೀಳು ಸೀಳಿ ನೀರಿಗೆ ಹಾಕತೊಡಗಿದರು. ನಾನು ಕೈಯೂರದೆ ಅವರ ಪಕ್ಕ ನೆಲದ ಮೇಲೆ ಕೂತೆ.